ಹಳೇ ಗಾಡಿಗೆ ಗುಜರಿ ಎಂಜಿನ್: ಮುಂಗಡ ಕೊಡುವ ಮೊದಲು ಹೊಂದಿಕೆ ನೋಡುವ ಕ್ರಮ

ಕೊಂಡು ತಂದ ಎಂಜಿನ್ ತಮ್ಮ ಗಾಡಿಗೆ ಕೂರುವುದಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಾಗುವುದು ಅದು ಚೈನ್ ಪುಲ್ಲಿಗೆ ನೇತುಬಿದ್ದಿರುವಾಗ. ಅಷ್ಟು ಹೊತ್ತಿಗೆ ದುಡ್ಡು ಪೂರ್ತಿ ಕೈಬಿಟ್ಟಿರುತ್ತದೆ, ಹಳೇ ಎಂಜಿನ್ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿರುತ್ತದೆ, ಗಾಡಿ ಗ್ಯಾರೇಜಿನ ಮೂಲೆ ಸೇರಿರುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಕ್ರಮ ತಪ್ಪುವುದರಿಂದ. ಮೊದಲು ಅಗ್ಗದ ಎಂಜಿನ್ ಹುಡುಕುತ್ತಾರೆ, ಆಮೇಲೆ ಹೊಂದುತ್ತದೆಯೇ ಎಂದು ನೋಡುತ್ತಾರೆ, ಎಫ್‌ಸಿಗೆ (ಗಾಡಿಯ ಅರ್ಹತಾ ಪ್ರಮಾಣಪತ್ರಕ್ಕೆ) ಹೋದಾಗ ಆರ್‌ಟಿಒ ನೆನಪಾಗುತ್ತದೆ. ಇಲ್ಲಿ ಕೊಟ್ಟಿರುವ ಕ್ರಮ ಇದಕ್ಕೆ ತದ್ವಿರುದ್ಧ: ನಿಮ್ಮ ಗಾಡಿಯ ಗುರುತು, ಕಾಗದಪತ್ರ, ಹೊಂದಿಕೆ, ಆರೋಗ್ಯ, ಕೊನೆಗೆ ಹಣ.

ಹಂತ 1: ಎಂಜಿನ್ ಬದಲಿಸಲೇಬೇಕೇ?

ಬಿಳಿ ಹೊಗೆ ಮತ್ತು ಬಿಸಿಯೇರುವುದು, ಇವೆರಡೇ ತೊಂದರೆಯಾದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲು) ಹೋಗಿರಬಹುದು ಅಥವಾ ಹೆಡ್ ಸೊಟ್ಟಗಾಗಿರಬಹುದು. ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದರೆ ಮುಗಿಯಿತು. ನೀಲಿ ಹೊಗೆ, ಬ್ಯಾಕ್ ಕಂಪ್ರೆಶನ್ (ಸಿಲಿಂಡರಿನ ಒತ್ತಡ ಕೆಳಗೆ ಆಯಿಲ್ ಕಡೆಗೆ ನುಗ್ಗುವುದು), ಆಯಿಲ್ ಕುಡಿಯುವುದು ಇದ್ದರೆ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದೆ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಬ್ಲಾಕ್ ಅದೇ ಉಳಿಯುತ್ತದೆ, ಎಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಸಿ ಮುಟ್ಟಬೇಕಿಲ್ಲ. ಬಿಡಿಭಾಗ ಸಲೀಸಾಗಿ ಸಿಗುವ ಮಾರುತಿ 800, ಓಮ್ನಿ, ಬೊಲೆರೊ ಡಿಐ ಗಾಡಿಗಳಿಗೆ ನಾವು ಮೊದಲು ಸೂಚಿಸುವುದು ಇದನ್ನೇ.

ಬೇರೆ ಎಂಜಿನ್ ಹುಡುಕಬೇಕಾದ ಸಂದರ್ಭ ಮೂರು: ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತಾಗಿರುವುದು, ಬ್ಲಾಕ್‌ನಲ್ಲಿ ಬಿರುಕು ಬಿಟ್ಟಿರುವುದು, ಕ್ರ್ಯಾಂಕ್ ಕೊನೆಯ ಅಂಡರ್‌ಸೈಜ್ (ಉಜ್ಜಿ ಸಣ್ಣ ಮಾಡಬಹುದಾದ ಕೊನೆಯ ಅಳತೆ) ದಾಟಿ ಸವೆದಿರುವುದು.

ಹಂತ 2: ನಿಮ್ಮ ಗಾಡಿಯ ಗುರುತು ಬರೆದಿಟ್ಟುಕೊಳ್ಳಿ

ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಓದಿಕೊಂಡರೆ ಸಾಲದು. ಬ್ಲಾಕ್ ಮೇಲೆ ಒತ್ತಿರುವ ನಂಬರನ್ನು ಡೀಸೆಲ್ ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಕಣ್ಣಾರೆ ಓದಿ. ಗ್ರೈಂಡರ್ ಹತ್ತಿರವೂ ಸುಳಿಯಬಾರದು. ಎರಡು ಮೂರು ಕೈ ಬದಲಾದ ಗಾಡಿಯಲ್ಲಿ ಹಿಂದಿನ ಮಾಲೀಕರು ಆಗಲೇ ಒಮ್ಮೆ ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ಸೇರಿಸದೆ ಬಿಟ್ಟಿರುವುದುಂಟು. ನಂಬರ್ ತಾಳೆಯಾಗದಿದ್ದರೆ ಎಂಜಿನ್ ಹುಡುಕಾಟ ಅಲ್ಲಿಗೇ ನಿಲ್ಲಿಸಿ, ಮೊದಲು ಆ ಗಂಟು ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಒಂದು ತಪ್ಪಿನ ಮೇಲೆ ಇನ್ನೊಂದು ಕೂರುತ್ತದೆ.

ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಎಂಜಿನ್ ನಂಬರ್ ಮತ್ತು ಅದರ ಮೊದಲ ಅಕ್ಷರಗಳು (ಮಾದರಿ ತಿಳಿಯುವುದು ಅವುಗಳಿಂದ), ಚಾಸಿಸ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ, ಸಿಸಿ, ಇಂಧನ, ಬಿಎಸ್ ಹಂತ (ಹೊಗೆ ಮಾಲಿನ್ಯದ ಮಾನದಂಡ), ಗೇರ್‌ಬಾಕ್ಸ್ ಎಷ್ಟು ಸ್ಪೀಡಿನದು, ಎಸಿ ಮತ್ತು ಪವರ್ ಸ್ಟೀರಿಂಗ್ ಇದೆಯೇ ಇಲ್ಲವೇ. ತಯಾರಾದ ವರ್ಷ, ನೋಂದಣಿಯ ವರ್ಷ ಒಂದೇ ಅಲ್ಲ. ಡಿಸೆಂಬರ್‌ನಲ್ಲಿ ತಯಾರಾಗಿ ಮುಂದಿನ ವರ್ಷ ನೋಂದಣಿಯಾದ ಗಾಡಿಗಳಲ್ಲಿ ಇದರಿಂದಲೇ ಎಡವಟ್ಟಾಗುತ್ತದೆ.

ಆಮೇಲೆ ಎಂಜಿನ್ನಿನ ನಾಲ್ಕೂ ಪಕ್ಕದ ಫೋಟೊ ತೆಗೆದುಕೊಳ್ಳಿ. ಮೌಂಟಿಂಗ್ ಬ್ರ್ಯಾಕೆಟ್, ಸಂಪ್‌ನ (ತಳದ ಆಯಿಲ್ ತೊಟ್ಟಿಯ) ಆಕಾರ, ಆಯಿಲ್ ಫಿಲ್ಟರ್ ಇರುವ ಜಾಗ, ನೀರಿನ ಹೋಸ್‌ಗಳು ಹೊರಡುವ ದಿಕ್ಕು, ಸೆಲ್ಫ್ ಮೋಟರ್ ಕೂತಿರುವ ಪಕ್ಕ, ಪ್ರತಿಯೊಂದು ಸೆನ್ಸರ್ ಮತ್ತು ಅದರ ಕನೆಕ್ಟರ್ ಬಿಡಿಬಿಡಿಯಾಗಿ ಕಾಣಬೇಕು. ಗುಜರಿಯಲ್ಲಿ ನಿಂತು ಹೋಲಿಸಲು ಈ ಫೋಟೊಗಳೇ ಆಧಾರ.

ಹಂತ 3: ಆರ್‌ಟಿಒ ಮಾತು ಮೊದಲೇ ಮುಗಿಸಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅನ್ವಯಿಸುತ್ತದೆ. ಅನುಮತಿ ಪಡೆಯದೆ ಎಂಜಿನ್ ಬದಲಾಗಿದ್ದರೆ ಮಾಲೀಕರು 14 ದಿನಗಳೊಳಗೆ ತಾವು ವಾಸಿಸುವ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಶುಲ್ಕದೊಂದಿಗೆ ಆರ್‌ಸಿ ಒಪ್ಪಿಸಿ ತಿದ್ದಿಸಿಕೊಳ್ಳಬೇಕು. ಹಾಕಿಸಿದ ಮೇಲೆ ಹೋಗಿ ತಗಾದೆಗೆ ಬೀಳುವ ಬದಲು ಮೊದಲೇ ಕಚೇರಿಗೆ ಹೋಗಿ, ಯಾವ ಯಾವ ಕಾಗದ ಬೇಕು ಎಂದು ಕೇಳಿ ಬರೆಸಿಕೊಂಡು ಬನ್ನಿ. ಮೈಸೂರು ಸುತ್ತಮುತ್ತಲಿನ ಆರ್‌ಟಿಒ ಕಚೇರಿಗಳ ಸಂಕೇತ ಹೀಗಿದೆ: ಕೆಎ-09 ಮೈಸೂರು ಪಶ್ಚಿಮ, ಕೆಎ-55 ಮೈಸೂರು ಪೂರ್ವ, ಕೆಎ-11 ಮಂಡ್ಯ, ಕೆಎ-45 ಹುಣಸೂರು, ಕೆಎ-54 ನಾಗಮಂಗಲ.

ಸಾಮಾನ್ಯವಾಗಿ ಕೇಳುವುದು ಎಂಜಿನ್ ಕೊಂಡ ಬಿಲ್, ಅದು ಬಂದ ಗಾಡಿಯ ವಿವರ, ಎಂಜಿನ್ ಮತ್ತು ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ. ಸಾಲ ತೀರದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಆದರೆ ದಾರಿ ಸುಗಮ. ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸುವ ಯೋಚನೆ ಇದ್ದರೆ ಈ ಲೇಖನ ನಿಮಗಲ್ಲ.

ಒಂದು ಎಚ್ಚರಿಕೆ. ‘ಹಳೇ ನಂಬರನ್ನೇ ಹೊಸ ಬ್ಲಾಕ್ ಮೇಲೆ ಪಂಚ್ ಮಾಡಿಕೊಡ್ತೀವಿ ಬಿಡಿ ಸಾರ್’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಅದು ಉಪಾಯವಲ್ಲ, ಅಪರಾಧ. ನಾಳೆ ಠಾಣೆಯಲ್ಲಿ ಉತ್ತರ ಹೇಳಬೇಕಾದವರು ಪಂಚ್ ಹೊಡೆದವರಲ್ಲ, ಗಾಡಿಯ ಮಾಲೀಕರು.

ಹಂತ 4: ಹೊಂದಿಕೆ ನೋಡುವುದು

ಹೆಚ್ಚು ಹಣ ಮುಳುಗುವುದು ಈ ಹಂತದಲ್ಲಿ. ‘ಅದೇ ಎಂಜಿನ್’ ಅನ್ನುವ ಮಾತಿಗೆ ಮೂರು ಅರ್ಥವಿದೆ: ಬ್ಲಾಕ್ ಒಂದೇ, ಗೇರ್‌ಬಾಕ್ಸಿಗೆ ಕೂರುತ್ತದೆ, ವೈರಿಂಗ್ ಒಪ್ಪುತ್ತದೆ. ಮೂರೂ ಸೇರಿದರೆ ಮಾತ್ರ ಹೊಂದಿಕೆ.

ಬ್ಲಾಕ್ ಒಂದೇ ಆದರೂ ಕೂರದಿರುವುದಕ್ಕೆ ಓಮ್ನಿ ಮತ್ತು ಮಾರುತಿ 800 ಒಳ್ಳೆಯ ಉದಾಹರಣೆ. ಎರಡರದ್ದೂ 796 ಸಿಸಿ, ಎರಡೂ ಎಫ್8ಬಿ ಮಾದರಿಯ ಎಂಜಿನ್. ಆದರೆ 800ರಲ್ಲಿ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುತ್ತದೆ; ಓಮ್ನಿಯಲ್ಲಿ ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಮಲಗಿ ಹಿಂದಿನ ಚಕ್ರ ತಿರುಗಿಸುತ್ತದೆ. ಹೀಗಾಗಿ ಸಂಪ್, ಆಯಿಲ್ ಹೀರುವ ಪೈಪು, ಮೌಂಟಿಂಗ್, ಮ್ಯಾನಿಫೋಲ್ಡ್ ಬೇರೆ ಬೇರೆ. ನಿಮ್ಮ ಹಳೇ ಎಂಜಿನ್ನಿನ ಈ ಭಾಗಗಳು ಚೆನ್ನಾಗಿದ್ದರೆ ಬದಲಿಸಿ ಹಾಕಬಹುದು, ಇಲ್ಲದಿದ್ದರೆ ಒಂದೊಂದನ್ನೂ ಬೇರೆಯಾಗಿ ಹುಡುಕಬೇಕು. ಇನ್ನು 800ರಲ್ಲೇ ಕಾರ್ಬುರೇಟರಿನದು ಮತ್ತು ಎಂಪಿಎಫ್‌ಐ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವಂಥದ್ದು) ಇವೆ. ಸಿಲಿಂಡರಿಗೆ ಎರಡು ವಾಲ್ವಿನದು ಮತ್ತು ನಾಲ್ಕು ವಾಲ್ವಿನದು ಇವೆ. ಕಾರ್ಬುರೇಟರ್ ಗಾಡಿಗೆ ಎಂಪಿಎಫ್‌ಐ ಎಂಜಿನ್ ತಂದರೆ ಕಂಪ್ಯೂಟರ್, ವೈರಿಂಗ್, ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು, ರಿಟರ್ನ್ ಲೈನ್ ಎಲ್ಲವೂ ಬೇಕಾಗುತ್ತದೆ.

ಡೀಸೆಲ್‌ನಲ್ಲಿ ಬೊಲೆರೊ ನೋಡಿ. ಹಳೆಯ ಡಿಐ ಮತ್ತು ನಂತರದ ಸಿಆರ್‌ಡಿಇ, ಎರಡೂ 2523 ಸಿಸಿ. ಮೊದಲನೆಯದರಲ್ಲಿ ಮೆಕ್ಯಾನಿಕಲ್ ಪಂಪು, ಎರಡನೆಯದರಲ್ಲಿ ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಕೊಳವೆ, ಕಂಪ್ಯೂಟರ್ ಹಿಡಿತ). ಸಿಸಿ ಒಂದೇ ಎಂದು ತಂದರೆ ಕೆಟ್ಟಿರಿ. 2016ರಿಂದ ಬಂದ ಮೂರು ಸಿಲಿಂಡರಿನ 1493 ಸಿಸಿ ಗಾಡಿಯ ಮಾತೇ ಬೇರೆ. ಹಾಗೆಯೇ ಕ್ವಾಲಿಸ್‌ನ 2446 ಸಿಸಿ ಎಂಜಿನ್ನಿನ ಜಾಗಕ್ಕೆ ಇನೊವಾದ 2494 ಸಿಸಿ ಕಾಮನ್ ರೈಲ್ ಎಂಜಿನ್ ‘ಸ್ವಲ್ಪ ಕೆಲಸ ಮಾಡಿದ್ರೆ ಕೂರುತ್ತೆ’ ಎನ್ನುವವರ ಮಾತು ಕೇಳಬೇಡಿ. ಆ ಸ್ವಲ್ಪ ಕೆಲಸದಲ್ಲಿ ಇಡೀ ವೈರಿಂಗ್ ಸೇರಿದೆ.

1248 ಸಿಸಿಯ ಮಲ್ಟಿಜೆಟ್ ಡೀಸೆಲ್ ಇನ್ನಷ್ಟು ಗೊಂದಲದ್ದು. ಸ್ವಿಫ್ಟ್, ಡಿಸೈರ್, ರಿಟ್ಜ್‌ನಲ್ಲಿ ಬಂದದ್ದು ಹೆಚ್ಚಾಗಿ 75 ಪಿಎಸ್‌ನದು. ಎಸ್‌ಎಕ್ಸ್4, ಎರ್ಟಿಗಾದಲ್ಲಿ ಬಂದದ್ದು ಬೇರೆ ಟರ್ಬೊ ಇರುವ 90 ಪಿಎಸ್‌ನದು. ಟಾಟಾ ವಿಸ್ಟಾ, ಫಿಯೆಟ್ ಪುಂಟೊದಲ್ಲೂ ಇದೇ ಕುಟುಂಬದ ಎಂಜಿನ್ ಇದೆ. ಬ್ಲಾಕ್ ಸೋದರರಾದರೂ ಟರ್ಬೊ, ಬ್ರ್ಯಾಕೆಟ್, ಕನೆಕ್ಟರ್ ಬೇರೆ. ಸ್ವಿಫ್ಟಿಗೆ ಸ್ವಿಫ್ಟಿನದೇ, ಅದೇ ಬಿಎಸ್ ಹಂತದ್ದೇ ಹುಡುಕಿ.

ಗೇರ್‌ಬಾಕ್ಸ್ ಪಕ್ಕದಲ್ಲಿ ನೋಡಬೇಕಾದವು, ಇದೇ ಅನುಕ್ರಮದಲ್ಲಿ:

1. ಬೆಲ್ ಹೌಸಿಂಗ್‌ನ (ಎಂಜಿನ್ನಿಗೆ ಸೇರುವ ಗೇರ್‌ಬಾಕ್ಸಿನ ಗಂಟೆಯಾಕಾರದ ತುದಿಯ) ಬೋಲ್ಟ್ ತೂತುಗಳು ಮತ್ತು ಎರಡನ್ನೂ ನೇರಕ್ಕೆ ಕೂರಿಸುವ ಎರಡು ಡೋವೆಲ್ ಪಿನ್. ಹಳೇ ಗ್ಯಾಸ್ಕೆಟ್ ಅಥವಾ ರಟ್ಟಿನಲ್ಲಿ ಅಚ್ಚು ತೆಗೆದುಕೊಂಡು ಹೋಗಿ ಇಟ್ಟು ನೋಡಿ. ಡೋವೆಲ್ ಇಲ್ಲದೆ ಬಿಗಿದರೆ ಗೇರ್‌ಬಾಕ್ಸ್ ಶಾಫ್ಟ್ ಓರೆಯಾಗಿ ಕ್ಲಚ್ ಬೇಗ ತಿನ್ನುತ್ತದೆ.
2. ಫ್ಲೈವೀಲಿನ ಬೋಲ್ಟ್ ಸಂಖ್ಯೆ, ದಪ್ಪ, ರಿಂಗ್ ಗೇರಿನ ಹಲ್ಲುಗಳ ಸಂಖ್ಯೆ. ಹಲ್ಲು ಹೊಂದದಿದ್ದರೆ ಸೆಲ್ಫ್ ಕರಕರ ಎನ್ನುತ್ತದೆ.
3. ಕ್ಲಚ್ ಪ್ಲೇಟಿನ ವ್ಯಾಸ ಮತ್ತು ಸ್ಪ್ಲೈನ್ (ನಡುತೂತಿನ ಒಳಹಲ್ಲು) ಎಣಿಕೆ.
4. ಕ್ರ್ಯಾಂಕ್ ತುದಿಯ ಪೈಲಟ್ ಬೇರಿಂಗ್. ಕೆಲವು ಗಾಡಿಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ.

ಮೂರನೆಯದು ವೈರಿಂಗ್. ಸೆನ್ಸರ್ ಇರುವ ಎಂಜಿನ್ ಆದರೆ ಕ್ರ್ಯಾಂಕ್ ಸೆನ್ಸರ್ ಓದುವ ಚಕ್ರದ ಹಲ್ಲುಗಳನ್ನು ಎಣಿಸಿ. ಒಂದು ಹಲ್ಲು ವ್ಯತ್ಯಾಸವಿದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಮೊಬಿಲೈಸರ್ (ತನ್ನ ಕೀಲಿ ಇಲ್ಲದೆ ಸ್ಟಾರ್ಟ್ ಆಗಗೊಡದ ಸಾಧನ) ಇರುವ ಗಾಡಿಯಲ್ಲಿ ಕೀಲಿ ಮತ್ತು ಕಂಪ್ಯೂಟರ್ ಜೋಡಿ. ಆದ್ದರಿಂದ ನಿಮ್ಮ ಗಾಡಿಯ ಕಂಪ್ಯೂಟರನ್ನು ಉಳಿಸಿಕೊಂಡು ಎಂಜಿನ್ ಮಾತ್ರ ಬದಲಿಸುವಂಥದ್ದನ್ನು ಆರಿಸಿ. ಕಾಮನ್ ರೈಲ್ ಇಂಜೆಕ್ಟರುಗಳ ಮೇಲೆ ಕೋಡ್ ಇರುತ್ತದೆ. ಹೊಸ ಎಂಜಿನ್ ಜೊತೆ ಬಂದ ಇಂಜೆಕ್ಟರ್ ಬಳಸಿದರೆ ಆ ಕೋಡನ್ನು ಸ್ಕ್ಯಾನರ್ ಮೂಲಕ ಕಂಪ್ಯೂಟರಿಗೆ ಬರೆಸಬೇಕು. ಬರೆಸದಿದ್ದರೆ ಐಡ್ಲಿಂಗ್ ನಡುಗುತ್ತದೆ, ಹೊಗೆ ಹೆಚ್ಚುತ್ತದೆ, ತಪ್ಪು ಎಂಜಿನ್ನಿನದು ಎಂದು ಜಗಳ ಶುರುವಾಗುತ್ತದೆ.

ಬಿಎಸ್ ಹಂತದಲ್ಲಿ ಹಿಂದಕ್ಕೆ ಹೋಗಬೇಡಿ. ದೇಶದಾದ್ಯಂತ ಬಿಎಸ್-4 ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 2020ರ ಏಪ್ರಿಲ್‌ನಲ್ಲಿ. ಬಿಎಸ್-4 ಗಾಡಿಗೆ ಬಿಎಸ್-3 ಎಂಜಿನ್ ಹಾಕಿದರೆ ಸೆನ್ಸರ್‌ಗಳೂ ಒಪ್ಪವು, ಆರ್‌ಟಿಒ ಕೂಡ ಒಪ್ಪದು.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಮಾತು: ಬ್ರೇಕ್ ಬೂಸ್ಟರಿಗೆ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪ್ ಬಹಳಷ್ಟು ಗಾಡಿಗಳಲ್ಲಿ ಆಲ್ಟರ್ನೇಟರಿನ ಹಿಂಬದಿಗೆ ಕೂತಿರುತ್ತದೆ. ಆಲ್ಟರ್ನೇಟರ್ ಇಲ್ಲದ ಎಂಜಿನ್ ಕೊಂಡು, ಪೆಟ್ರೋಲ್ ಗಾಡಿಯ ಆಲ್ಟರ್ನೇಟರ್ ಸಿಕ್ಕಿಸಿದರೆ ಗಾಡಿ ಓಡುತ್ತದೆ, ಬ್ರೇಕ್ ಮಾತ್ರ ಕಲ್ಲಿನಂತೆ ಗಟ್ಟಿ.

ಹಂತ 5: ಎಂಜಿನ್ ಎಲ್ಲಿಂದ ಬಂತು?

ಗಾಡಿಯಲ್ಲೇ ಇದ್ದು, ಸ್ಟಾರ್ಟ್ ಮಾಡಿ ತೋರಿಸುವ ಎಂಜಿನ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೆಳಗಿಳಿಸಿ ಡೀಸೆಲ್‌ನಲ್ಲಿ ತೊಳೆದು ಬಣ್ಣ ಹೊಡೆದಿಟ್ಟ ಎಂಜಿನ್ ನೋಡಲು ಲಕ್ಷಣವಾಗಿರುತ್ತದೆ, ಸೋರಿಕೆಯ ಗುರುತೆಲ್ಲ ತೊಳೆದುಹೋಗಿರುತ್ತದೆ. ಎರಡರ ನಡುವೆ ಆಯ್ಕೆ ಬಂದರೆ ಧೂಳು ಕೂತ ಎಂಜಿನ್ ಆರಿಸಿ. ‘ಬರೀ ನಲವತ್ತು ಸಾವಿರ ಓಡಿರೋದು’ ಎನ್ನುವ ಮಾತಿಗೆ ಮೀಟರ್ ಬೋರ್ಡ್ ಮುಂದಿಲ್ಲದಿದ್ದರೆ ಬೆಲೆಯಿಲ್ಲ.

ಮುಂದಿನಿಂದ ಗುದ್ದಿಸಿಕೊಂಡ ಗಾಡಿಯದಾದರೆ ಕ್ರ್ಯಾಂಕ್ ಪುಲ್ಲಿ ತಿರುಗಿಸಿ ನೋಡಿ, ಓಲಾಡಿದರೆ ಬಿಡಿ. ಮೌಂಟಿಂಗ್ ಕಿವಿಗಳಲ್ಲಿ ಬಿರುಕು ಹುಡುಕಿ. ನೀರಲ್ಲಿ ಮುಳುಗಿದ ಗಾಡಿಯದಾದರೆ ಆಲ್ಟರ್ನೇಟರ್ ಒಳಗೆ ಮತ್ತು ಬೆಲ್ ಹೌಸಿಂಗ್ ಸಂದಿಗಳಲ್ಲಿ ಒಣಗಿದ ಕೆಸರು ಇರುತ್ತದೆ. ಅದನ್ನು ಯಾರೂ ಪೂರ್ತಿ ತೊಳೆಯಲಾರರು.

ನಂಬರ್ ಒತ್ತಿರುವ ಜಾಗವನ್ನು ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಅಲ್ಲಿ ಮಾತ್ರ ಉಜ್ಜಿದ ಗೆರೆ, ಅಲ್ಲಿ ಮಾತ್ರ ಹೊಸ ಬಣ್ಣ, ಅಕ್ಷರಗಳ ಸಾಲು ಏರುಪೇರು, ಇವುಗಳಲ್ಲಿ ಒಂದು ಕಂಡರೂ ಎದ್ದು ಬನ್ನಿ. ಸರಿ ಕಂಡರೂ ಆ ಎಂಜಿನ್ ನಂಬರನ್ನು ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ‘ವಾಹನ್ ಸಮನ್ವಯ’ದಲ್ಲಿ ಹಾಕಿ, ಕಳುವಿನ ದಾಖಲೆ ಇದೆಯೇ ಎಂದು ಪರೀಕ್ಷಿಸಿ.

ಹಂತ 6: ನೆಲದ ಮೇಲಿರುವ ಎಂಜಿನ್ನಿನ ಆರೋಗ್ಯ ಪರೀಕ್ಷೆ

ಜೊತೆಗೆ ಒಯ್ಯಬೇಕಾದವು: ಚಾರ್ಜ್ ತುಂಬಿದ 12 ವೋಲ್ಟ್ ಬ್ಯಾಟರಿ, ದಪ್ಪ ಜಂಪರ್ ಕೇಬಲ್, ಕಂಪ್ರೆಶನ್ ಗೇಜ್ (ಪೆಟ್ರೋಲ್ ಮತ್ತು ಡೀಸೆಲ್‌ಗೆ ಬೇರೆ ಬೇರೆ), ಪ್ಲಗ್ ಸ್ಪ್ಯಾನರ್, ಸಾಕೆಟ್ ಸೆಟ್ ಮತ್ತು ಉದ್ದ ಹಿಡಿ, ಮೊಬೈಲಿಗೆ ಸಿಕ್ಕಿಸುವ ಎಂಡೊಸ್ಕೋಪ್ ಕ್ಯಾಮೆರಾ, ಟಾರ್ಚ್, ಅಯಸ್ಕಾಂತ, ಬಿಳಿ ಕಾಗದ, ಬಣ್ಣದ ಮಾರ್ಕರ್.

ಮೊದಲು ಕೈಯಲ್ಲೇ ತಿರುಗಿಸಿ. ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು. ಎಲ್ಲಾದರೂ ಕಬ್ಬಿಣಕ್ಕೆ ಕಬ್ಬಿಣ ತಾಗಿದಂತೆ ನಿಂತರೆ ಬಲ ಹಾಕಬೇಡಿ. ಆಮೇಲೆ ಪುಲ್ಲಿಯನ್ನು ಮುಂದಕ್ಕೂ ಹಿಂದಕ್ಕೂ ಎಳೆದು ನೋಡಿ. ಹೆಚ್ಚಿನ ಎಂಜಿನ್‌ಗಳಲ್ಲಿ ಈ ಆಟ 0.1ರಿಂದ 0.3 ಮಿ.ಮೀ. ಮಾತ್ರ. ಟಕ್ ಎಂದು ಕೈಗೆ ತಿಳಿಯುವಷ್ಟಿದ್ದರೆ ಥ್ರಸ್ಟ್ ವಾಷರ್ (ಈ ಆಟ ತಡೆಯುವ ಬಿಲ್ಲೆ) ಹೋಗಿದೆ.

ಆಯಿಲ್ ಮುಚ್ಚಳ ತೆರೆದು ಒಳಗೆ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಡಿಪ್‌ಸ್ಟಿಕ್‌ನಿಂದ ಆಯಿಲ್ ಬಿಳಿ ಕಾಗದದ ಮೇಲೆ ಬಿಡಿ, ಕೆಳಗೆ ಅಯಸ್ಕಾಂತ ಆಡಿಸಿ. ಹಿಂದೆ ಬರುವ ಪುಡಿ ಕಬ್ಬಿಣದ್ದು. ಅಯಸ್ಕಾಂತಕ್ಕೆ ಅಂಟದ ತಾಮ್ರ ಬಣ್ಣದ ಹೊಳಪು ಕಂಡರೆ ಬೇರಿಂಗ್‌ನ ಮೇಲ್ಪದರ ಸವೆದು ಒಳಪದರ ಬರುತ್ತಿದೆ ಎಂದರ್ಥ. ಅಂಥ ಎಂಜಿನ್ ಬೇಡ.

ಕಂಪ್ರೆಶನ್ ಪರೀಕ್ಷೆಗೆ ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಸೆಲ್ಫ್ ಹೊಡೆಯಿರಿ. ಬ್ಯಾಟರಿ ಸೊರಗಿದ್ದರೆ ಒಳ್ಳೆಯ ಎಂಜಿನ್ನೂ ಕೆಟ್ಟದ್ದೆನಿಸುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಚದರ ಸೆಂ.ಮೀ.ಗೆ 11ರಿಂದ 13 ಕೆಜಿ ಬಂದರೆ ಚೆನ್ನ, 9ಕ್ಕಿಂತ ಕೆಳಗಿದ್ದರೆ ಬೇಡ. ಹಳೇ ಐಡಿಐ (ಇಂಧನ ಮೊದಲು ಪಕ್ಕದ ಸಣ್ಣ ಕೋಣೆಗೆ ಚಿಮ್ಮುವ) ಡೀಸೆಲ್‌ಗೆ 25ರಿಂದ 30. 20ಕ್ಕಿಂತ ಕೆಳಗಿದ್ದರೆ ಬೇಡ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ: ಪೆಟ್ರೋಲ್‌ನಲ್ಲಿ 1 ಕೆಜಿ, ಡೀಸೆಲ್‌ನಲ್ಲಿ 3 ಕೆಜಿ ದಾಟಬಾರದು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳುವಾದ್ದರಿಂದ ಕಂಪನಿಯ ಕೈಪಿಡಿಯ ಅಂಕಿಗಿಂತ ಶೇ. 8ರಷ್ಟು ಕಡಿಮೆ ಬಂದರೆ ಗಾಬರಿ ಬೇಡ.

ಪೆಟ್ರೋಲ್‌ನಲ್ಲಿ ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಪ್ಲಗ್ ತೂತಿನಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಅಥವಾ ಬೋರ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆಯಾದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿಪಡಿ. ಡೀಸೆಲ್‌ನಲ್ಲಿ ಆಯಿಲ್ ಬಿಡುವ ಪ್ರಯೋಗ ಮಾಡಬೇಡಿ, ಪಿಸ್ಟನ್ ಮೇಲಿನ ಜಾಗ ಅಷ್ಟು ಕಡಿಮೆ.

ಸ್ಟಾರ್ಟ್ ಆಗುವ ಎಂಜಿನ್ ಆದರೆ ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ಬಿಚ್ಚಿ ತೂತಿನ ಮೇಲೆ ಸುಮ್ಮನೆ ಇಡಿ. ಸ್ವಲ್ಪ ನಡುಗಿದರೆ ಸರಿ. ಕುಣಿದು ಕೆಳಗೆ ಬಿದ್ದರೆ ಬ್ಯಾಕ್ ಕಂಪ್ರೆಶನ್. ಟರ್ಬೊ ಇದ್ದರೆ ಅದರ ಶಾಫ್ಟ್ ಹಿಡಿದು ನೋಡಿ: ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಸಹಜ, ಹಿಂದೆ ಮುಂದೆ ಆಟ ಕೈಗೆ ತಿಳಿಯಬಾರದು.

ಕೊನೆಯದಾಗಿ ನೀರಿನ ದಾರಿ. ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ವಾಟರ್ ಜಾಕೆಟ್ ತುಂಬ ಸುಣ್ಣದ ಹಕ್ಕಳೆ, ತುಕ್ಕು. ಥರ್ಮೋಸ್ಟಾಟ್ ಮುಚ್ಚಳ ತೆಗೆಸಿ ಕ್ಯಾಮೆರಾ ಇಳಿಸಿ. ಬ್ಲಾಕ್ ಪಕ್ಕದ ವೆಲ್ಶ್ ಪ್ಲಗ್‌ಗಳ (ನೀರಿನ ದಾರಿಯ ತೂತು ಮುಚ್ಚುವ ಬಿಲ್ಲೆಗಳ) ಸುತ್ತ ತುಕ್ಕಿನ ಇಳಿಗೆರೆ ಇದೆಯೇ ನೋಡಿ. ಥರ್ಮೋಸ್ಟಾಟ್ ತೆಗೆದೇ ಎಸೆದಿದ್ದರೆ ಆ ಗಾಡಿ ಹಿಂದೆ ಬಿಸಿಯೇರುತ್ತಿತ್ತು ಎಂದು ಊಹಿಸಿಕೊಳ್ಳಬಹುದು.

ಹಂತ 7: ಮಾತುಕತೆ ಮತ್ತು ಬಿಲ್

ಬೆಲೆ ಕೇಳುವ ಮೊದಲು ‘ಏನೇನು ಸೇರಿದೆ’ ಎಂದು ಕೇಳಿ. ಹಾಫ್ ಎಂಜಿನ್ ಎಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್, ಹೆಡ್ ಬರುವುದಿಲ್ಲ. ಫುಲ್ ಎಂಜಿನ್ ಅಂದರೂ ಫ್ಲೈವೀಲ್, ಆಲ್ಟರ್ನೇಟರ್, ಸೆಲ್ಫ್, ಡೀಸೆಲ್ ಪಂಪ್, ಇಂಜೆಕ್ಟರ್, ಟರ್ಬೊ ಬರುತ್ತವೆಯೇ ಎನ್ನುವುದು ಮಾತಿನ ಮೇಲೆ. ಅಗ್ಗಕ್ಕೆ ಎಂಜಿನ್ ಕೊಂಡು ಪಂಪು ಇಂಜೆಕ್ಟರ್ ಬೇರೆ ಕೊಂಡರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಬಿಲ್‌ನಲ್ಲಿ ಎಂಜಿನ್ ನಂಬರ್, ಅದು ಬಂದ ಗಾಡಿಯ ನೋಂದಣಿ ಸಂಖ್ಯೆ, ಮಾರಿದವರ ಹೆಸರು ವಿಳಾಸ, ವಾಪಸ್ ತೆಗೆದುಕೊಳ್ಳುವ ದಿನಗಳ ಗಡುವು ಬರೆಸಿ. ಗಡುವು ಗಾಡಿಗೆ ಕೂರಿಸಿದ ದಿನದಿಂದ ಲೆಕ್ಕವಾಗಲಿ, ಕೊಂಡ ದಿನದಿಂದಲ್ಲ. ನೀವು ನೋಡಿದ ಎಂಜಿನ್ನೇ ಬರುತ್ತದೆ ಎಂಬ ಖಾತ್ರಿಗೆ ಬ್ಲಾಕ್, ಹೆಡ್, ಪಂಪ್ ಮೂರಕ್ಕೂ ಮಾರ್ಕರ್‌ನಲ್ಲಿ ಗುರುತು ಹಾಕಿ ಫೋಟೊ ತೆಗೆಯಿರಿ. ಬೆಂಗಳೂರಿನ ಗುಜರಿಯಿಂದ ಲಾರಿಯಲ್ಲಿ ತರಿಸುವವರಿಗೆ ಇದು ತೀರಾ ಅಗತ್ಯ.

ಹಂತ 8: ಕೂರಿಸುವ ಮೊದಲೇ ಬದಲಿಸಬೇಕಾದವು

ಎಂಜಿನ್ ಹೊರಗಿರುವಾಗ ಅರ್ಧ ಗಂಟೆಯ ಕೆಲಸ, ಒಳಗೆ ಕೂತ ಮೇಲೆ ಎರಡು ದಿನದ್ದು. ಕ್ರ್ಯಾಂಕ್‌ನ ಹಿಂದಿನ ಮತ್ತು ಮುಂದಿನ ಆಯಿಲ್ ಸೀಲ್, ವೆಲ್ಶ್ ಪ್ಲಗ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ಲಚ್ ಸೆಟ್ ಮತ್ತು ರಿಲೀಸ್ ಬೇರಿಂಗ್, ಎಂಜಿನ್ ಮೌಂಟಿಂಗ್, ಎಲ್ಲ ಹೋಸ್. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್ ಮತ್ತು ಟೆನ್ಶನರ್ ನೋಡಲು ಚೆನ್ನಾಗಿದ್ದರೂ ಹೊಸದೇ ಹಾಕಿ; ಅದರ ವಯಸ್ಸು ಯಾರಿಗೂ ಗೊತ್ತಿಲ್ಲ. ರೇಡಿಯೇಟರ್ ಬಿಚ್ಚಿ ರಾಡ್ ಹೊಡೆಸಿ ತೊಳೆಸಿ. ಹಳೇ ರೇಡಿಯೇಟರಿನ ಕಸವೇ ಹೊಸ ಎಂಜಿನ್ನನ್ನು ತಿಂಗಳೊಳಗೆ ಸೀಜ್ ಮಾಡುವುದುಂಟು.

ಹಂತ 9: ಮೊದಲ ಸ್ಟಾರ್ಟ್ ಮತ್ತು ಬೆಟ್ಟದ ಪರೀಕ್ಷೆ

ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಸಮ ಪ್ರಮಾಣದಲ್ಲಿ ಬೆರೆಸಿ ತುಂಬಿ. ಪೆಟ್ರೋಲ್‌ನಲ್ಲಿ ಕಾಯಿಲ್ ಕನೆಕ್ಷನ್ ತೆಗೆದು, ಡೀಸೆಲ್‌ನಲ್ಲಿ ಇಂಧನ ನಿಲ್ಲಿಸಿ, 10 ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ದೀಪ ಆರಿದ ಮೇಲಷ್ಟೇ ಸ್ಟಾರ್ಟ್ ಮಾಡಬೇಕು. ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ದೀಪ ಮತ್ತೆ ಆರದಿದ್ದರೆ ಕೂಡಲೇ ಆಫ್ ಮಾಡಿ.

ವಾಪಸಾತಿ ಗಡುವಿನ ದಿನಗಳಲ್ಲಿ ಗಾಡಿಯನ್ನು ಜೋಪಾನವಾಗಿ ನಿಲ್ಲಿಸಿಡುವುದು ದೊಡ್ಡ ತಪ್ಪು. ಮೊದಲ ನೂರಿನ್ನೂರು ಕಿ.ಮೀ. ಊರೊಳಗೆ ಓಡಿಸಿ ಸೋರಿಕೆ ನೋಡಿದ ಮೇಲೆ ಚಾಮುಂಡಿ ಬೆಟ್ಟದ ರಸ್ತೆ ಹತ್ತಿಸಿ, ಎಸಿ ಇದ್ದರೆ ಹಾಕಿಕೊಂಡೇ. ಉಷ್ಣತೆಯ ಮುಳ್ಳು ಅರ್ಧ ದಾಟಿ ಏರುತ್ತ ಹೋದರೆ, ಮೇಲೆ ನಿಲ್ಲಿಸಿದಾಗ ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದರೆ, ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದ ಕ್ಷಣ ನೀಲಿ ಹೊಗೆ ಬಂದರೆ ವಿಡಿಯೊ ಮಾಡಿಕೊಂಡು ಅಂದೇ ಮಾರಿದವರಿಗೆ ತಿಳಿಸಿ. ಗುಳ್ಳೆ ಹೆಡ್ ಗ್ಯಾಸ್ಕೆಟ್‌ನ ಸುಳಿವು. ಇಳಿಜಾರಿನ ನೀಲಿ ಹೊಗೆ ವಾಲ್ವ್ ಸೀಲ್‌ನದು. ಎರಡನೆಯದು ರಿಪೇರಿಗೆ ಸಿಗುತ್ತದೆ, ಮೊದಲನೆಯದಕ್ಕೆ ವಾಪಸಾತಿಯ ಮಾತಾಡಿ. ಬೆಂಗಳೂರು ಹೆದ್ದಾರಿಯಲ್ಲಿ ಒಂದೇ ಸಮ ವೇಗವಾಗಿ ಓಡಿಸುವುದನ್ನು ಮೊದಲ 500 ಕಿ.ಮೀ.ವರೆಗೆ ಬಿಡಿ. ಅಷ್ಟಾದ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹಳೇ ಫಿಲ್ಟರ್ ಕತ್ತರಿಸಿ ಲೋಹದ ಪುಡಿ ಇದೆಯೇ ನೋಡಿ.

ಹಳೇ ಬ್ಲಾಕನ್ನು ಆರ್‌ಸಿಯಲ್ಲಿ ಹೊಸ ನಂಬರ್ ಬರುವವರೆಗೆ ಗುಜರಿಗೆ ಹಾಕಬೇಡಿ. ಇನ್‌ಸ್ಪೆಕ್ಟರ್ ಅದನ್ನು ತೋರಿಸಿ ಎನ್ನಬಹುದು. ಆರ್‌ಸಿ ಕೈಸೇರಿದ ಮೇಲೆ ಅದರ ಪ್ರತಿಯನ್ನು ವಿಮಾ ಕಂಪನಿಗೆ ಕೊಟ್ಟು ಪಾಲಿಸಿಯಲ್ಲೂ ಎಂಜಿನ್ ನಂಬರ್ ತಿದ್ದಿಸಿ. ಬ್ಲಾಕ್ ಮಾರುವಾಗ ಕೊಂಡವರಿಂದ ನಂಬರ್ ಬರೆದ ರಸೀದಿ ಪಡೆದು, ಎಂಜಿನ್ ಬಿಲ್ ಜೊತೆಗೆ ಇಟ್ಟುಕೊಳ್ಳಿ.